ಘನ ಇಂಚಿನ ಮಹಾಶಯರು

ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ನಗರದ ಉತ್ತರಕ್ಕೆ ಹಬ್ಬಿರುವ ಬಡಾವಣೆಗಳಲ್ಲಿ ಈ ಮಹಾಶಯರು ಬೀದಿಗೊಬ್ಬರಾದರೂ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ದಿನಾ ಓಡಾಡುವ ಕಾರು ಹೊರಗೆ ಹಿಮದಲ್ಲಿ ನೆನೆಯುತ್ತಿರುತ್ತದೆ. ಎಂದೂ ಓಡದ ಕಾರು ಗ್ಯಾರೇಜಿನೊಳಗೆ ಬೆಚ್ಚಗೆ ಹೊದ್ದುಕೊಂಡಿರುತ್ತದೆ. ಒಳಗಿನದು 1970ರ ಷೆವ್ರೊಲೆ ನೋವಾ. ಬಣ್ಣ ಹೊಸದು, ಸೀಟು ಹೊಸದು, ಟಯರು ಹೊಸದು. ಬಾನೆಟ್ ಎತ್ತಿದರೆ ಗ್ಯಾರೇಜಿನ ನೆಲ ಕಾಣುತ್ತದೆ. ಇಂಜಿನ್ ಎಲ್ಲಿ ಎಂದು ಮಾತ್ರ ಕೇಳಬಾರದು. ಕೇಳಿದವರು ಊಟದ ಹೊತ್ತು ಮೀರಿಸಿಕೊಂಡು ಮನೆ ಸೇರುತ್ತಾರೆ.

ಇಂಜಿನ್ ಇನ್ನೂ ಆಯ್ಕೆಯಾಗುತ್ತಿದೆ. ಪಕ್ಕದ ಮನೆಯ ಹುಡುಗ ಮೂರು ಗಾಲಿ ಸೈಕಲ್ ತುಳಿಯುತ್ತಿದ್ದಾಗಲೂ ಆಗುತ್ತಿತ್ತು. ಈಗ ಅವನಿಗೆ ಡ್ರೈವಿಂಗ್ ಲೈಸೆನ್ಸ್ ಬಂದಿದೆ.

ಇಂಜಿನ್ನಿನ ಗಾತ್ರಕ್ಕೆ ಮಹಾಶಯರಿಗೆ ಲೀಟರ್ ಲೆಕ್ಕ ಒಗ್ಗುವುದಿಲ್ಲ. ಅವರ ಪ್ರಪಂಚವೆಲ್ಲ ಘನ ಇಂಚಿನಲ್ಲಿದೆ. ಹಾಲು ತರಲು ಅಂಗಡಿಗೆ ಹೋದರೆ, ಅಮೆರಿಕದ ಒಂದು ಗ್ಯಾಲನ್ ಎಂದರೆ ಸರಿಯಾಗಿ 231 ಘನ ಇಂಚು ಎಂಬುದು ಅವರಿಗೆ ನೆನಪಾಗುತ್ತದೆ. ನನ್ನ ಎರಡೂವರೆ ಲೀಟರಿನ ಕಾರನ್ನು ಅವರು ಮೊದಲ ಸಲ ನೋಡಿದಾಗ ಮನಸ್ಸಿನಲ್ಲೇ ಲೆಕ್ಕ ಹಾಕಿ, "153 ಇಂಚು. ನಿಮ್ಮ ಹಾಲಿನ ಕ್ಯಾನು ಇದಕ್ಕಿಂತ ದೊಡ್ಡದು" ಎಂದರು. ಅವಮಾನ ಮಾಡುವ ಉದ್ದೇಶವೇನೂ ಇರಲಿಲ್ಲ. ಸಂತಾಪ ಸೂಚಿಸಿದರು, ಅಷ್ಟೆ.

ಅವರ ಸಿದ್ಧಾಂತ ಒಂದೇ: ಇಂಜಿನ್ನಿಗೆ ಹೊಟ್ಟೆ ದೊಡ್ಡದಿರಬೇಕು, ಮೈ ಚಿಕ್ಕದಿರಬೇಕು. ಹಾಗಾದರೆ ನೇರವಾಗಿ ಷೆವ್ರೊಲೆಯ ದೊಡ್ಡ ಮೈಯ ಇಂಜಿನ್, ಬಿಗ್ ಬ್ಲಾಕ್ ಹಾಕಿದರಾಯಿತಲ್ಲ, ಕಾರ್ಖಾನೆಯಿಂದಲೇ 454 ಇಂಚಿನದು ಬರುತ್ತಿತ್ತಲ್ಲ ಎಂದು ಯಾರಾದರೂ ತಿಳಿಯದೆ ಕೇಳಿದರೆ ಮಹಾಶಯರು ಕಣ್ಣು ಮುಚ್ಚಿಕೊಳ್ಳುತ್ತಾರೆ. "ದುಡ್ಡಿದ್ದವರು ಯಾರು ಬೇಕಾದರೂ ಹಾಕಬಹುದು. ಮುಂದಿನ ಚಕ್ರದ ಮೇಲೆ ನೂರು ಪೌಂಡ್ ಹೆಚ್ಚು ಭಾರ ಬೀಳುತ್ತೆ. ಕಾರು ನೆಟ್ಟಗೆ ಚೆನ್ನಾಗಿ ಹೋಗುತ್ತೆ. ತಿರುವು ಬಂದಾಗಲೂ ನೆಟ್ಟಗೇ ಹೋಗುತ್ತೆ."

ಆಮೇಲೆ ಚಿಕ್ಕ ಮೈಯ ಇಂಜಿನ್ನಾದ ಸ್ಮಾಲ್ ಬ್ಲಾಕಿನ ಪುರಾಣ ಶುರು. 1955ರಲ್ಲಿ ಎಡ್ ಕೋಲ್ ಮುಖ್ಯ ಇಂಜಿನಿಯರ್ ಆಗಿದ್ದಾಗ ಷೆವ್ರೊಲೆ ಕಾರಿಗೆ ಬಂದ ಆ ವಿ-8 ಇಂಜಿನ್ 265 ಘನ ಇಂಚಿನದು. ಸಿಲಿಂಡರಿನ ನಡುವಿನಿಂದ ಪಕ್ಕದ ಸಿಲಿಂಡರಿನ ನಡುವಿಗೆ 4.4 ಇಂಚು. ಹೊರಗಿನ ಈ ಅಳತೆಯನ್ನು ಮುಟ್ಟದೆ ಒಳಗನ್ನು ಮಾತ್ರ ಹಿಗ್ಗಿಸುತ್ತಾ 283, 327, 350 ದಾಟಿ 1970ರ ಹೊತ್ತಿಗೆ 400ಕ್ಕೆ ತಂದು ನಿಲ್ಲಿಸಿದರು. 1997ರಲ್ಲಿ ಕಾರ್ವೆಟ್ ಕಾರಿನೊಡನೆ ಬಂದ ಎಲ್ಎಸ್ ಸಂತತಿ ಪೂರ್ತಿ ಹೊಸ ವಿನ್ಯಾಸ, ಆದರೂ 4.4 ಬದಲಾಗಲಿಲ್ಲ. ಈ ಸಂಖ್ಯೆಯನ್ನು ಹೇಳುವಾಗ ಮಹಾಶಯರು ಟೋಪಿ ಸರಿಮಾಡಿಕೊಳ್ಳುತ್ತಾರೆ.

ಇಷ್ಟು ಭಕ್ತಿ ಇದ್ದವರು ಒಂದು ಇಂಜಿನ್ ತಂದು ಕೂರಿಸಬಹುದಿತ್ತು. ಕೂರಿಸುವ ತೀರ್ಮಾನವೂ ಆಗಿತ್ತು. ಮೊದಲು ಆರಿಸಿದ್ದು 350. ಬೋರ್, ಎಂದರೆ ಸಿಲಿಂಡರಿನ ಅಗಲ, 4 ಇಂಚು; ಸ್ಟ್ರೋಕ್, ಎಂದರೆ ಪಿಸ್ಟನ್ನಿನ ಓಡಾಟ, 3.48. ಗುಜರಿಯಲ್ಲಿ ಸಿಗುತ್ತದೆ, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ, ಕೈಗೆಟುಕುವ ಬೆಲೆ. ಹೆಂಡತಿ ಒಪ್ಪಿದಳು, ಬ್ಯಾಂಕಿನ ಪಾಸ್‌ಬುಕ್ಕೂ ಒಪ್ಪಿತು. ಆಗ ಮಹಾಶಯರ ಬಾಯಲ್ಲಿ ಆ ಮಾತು ಬಂತು: "ಹೇಗೂ ಇಂಜಿನ್ ಬಿಚ್ಚುತ್ತೇವಲ್ಲ..."

ಈ ಜಾತಿಯ ಸಂಸಾರಗಳಲ್ಲಿ ಇದಕ್ಕಿಂತ ದುಬಾರಿ ಮಾತು ಬೇರೆ ಇಲ್ಲ. ಹೇಗೂ ಬಿಚ್ಚುತ್ತೇವೆ, ಮೂವತ್ತು ಥೌ, ಎಂದರೆ ಇಂಚಿನ ಸಾವಿರದಲ್ಲಿ ಮೂವತ್ತು ಭಾಗ, ಬೋರ್ ಮಾಡಿಸಿದರೆ 4.030 ಆಗುತ್ತದೆ. ಹೇಗೂ ಕ್ರ್ಯಾಂಕ್ ಹೊರಗೆ ಬರುತ್ತದೆ, ಅದರ ಜಾಗಕ್ಕೆ 3.75 ಇಂಚು ಸ್ಟ್ರೋಕಿನದನ್ನು ಹಾಕಿದರೆ 383. ಷೆವ್ರೊಲೆ ಕಂಪನಿ ಈ ಅಳತೆಯ ಸ್ಮಾಲ್ ಬ್ಲಾಕನ್ನು ಯಾವ ಕಾರಿನಲ್ಲೂ ಕೂರಿಸಿ ಮಾರಲಿಲ್ಲ. ಅದು ಗ್ಯಾರೇಜುಗಳ ಕೂಸು. 400ರ ಕ್ರ್ಯಾಂಕನ್ನು ಲೇತಿಗೆ ಕಟ್ಟಿ, ಅದರ 2.65 ಇಂಚಿನ ಮೇನ್ ಜರ್ನಲ್ಲುಗಳನ್ನು 2.45ಕ್ಕೆ ಇಳಿಸಿ 350ರ ಬ್ಲಾಕಿನೊಳಗೆ ತೂರಿಸುವ ಉಪಾಯವನ್ನು ಕಂಡುಕೊಂಡವರು ಮಹಾಶಯರ ಹಿರಿಯರು. ಈಗ ಆ ಕಷ್ಟವಿಲ್ಲ, ಸಿದ್ಧ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಹೀಗೆ 383 ಪಕ್ಕಾ ಆಯಿತು.

ಪಕ್ಕಾ ಆದ ಮೇಲೆ ನಿದ್ದೆ ಬರಬೇಕಿತ್ತು. ಬರಲಿಲ್ಲ. 383ಕ್ಕೂ 400ಕ್ಕೂ ನಡುವೆ ಬರೀ ಹದಿನೇಳು ಇಂಚು. ಇಷ್ಟು ಹತ್ತಿರ ಬಂದು ನಿಲ್ಲುವುದೆ? ಆದರೆ 400ಕ್ಕೆ ಅದರದೇ ಆದ ಕಾಯಿಲೆಗಳಿವೆ. 4.125 ಇಂಚಿನ ಬೋರನ್ನು ಅದೇ 4.4ರೊಳಗೆ ಹೊಂದಿಸಿದ್ದರಿಂದ ಅಕ್ಕಪಕ್ಕದ ಸಿಲಿಂಡರುಗಳ ಗೋಡೆ ಕೂಡಿಕೊಂಡಿದೆ; ನಡುವೆ ನೀರು ಹರಿಯಲು ಜಾಗವಿಲ್ಲ. ಅಲ್ಲಿ ಕಟ್ಟಿಕೊಳ್ಳುವ ಆವಿ ಹೊರಬರಲು ಹೆಡ್ಡಿನಲ್ಲಿ ಸಣ್ಣ ತೂತುಗಳನ್ನು ಕೊರೆಯಬೇಕು. ಈ ತೂತುಗಳ ವಿಷಯವನ್ನು ಮಹಾಶಯರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಾಗಲೂ ವಿವರಿಸಲು ಪ್ರಯತ್ನಿಸಿದ್ದುಂಟಂತೆ.

ನಾನು ಒಮ್ಮೆ ಸುಮ್ಮನಿರಲಾರದೆ ಲೆಕ್ಕ ಹಾಕಿದೆ. 400ರ ಒಂದೊಂದು ಸಿಲಿಂಡರೂ ಸುಮಾರು 820 ಸಿಸಿ. ನಮ್ಮ ಊರಿನ ಮಾರುತಿ 800ರ ಇಡೀ ಇಂಜಿನ್ 796. "ನೋಡಿ, ನಿಮ್ಮ ಒಂದು ಸಿಲಿಂಡರಿಗೂ ಬಾರದ ಇಂಜಿನ್ನಿನಲ್ಲಿ ನಾವು ಐದು ಜನ, ಮೇಲೆ ಲಗೇಜು, ಧರ್ಮಸ್ಥಳದಿಂದ ವಾಪಸು ಬರುವಾಗ ಚಾರ್ಮಾಡಿ ಘಾಟಿ ಹತ್ತಿದ್ದೇವೆ" ಎಂದೆ. ಮಹಾಶಯರು ಬಹಳ ಹೊತ್ತು ಮಾತಾಡಲಿಲ್ಲ. ಘಾಟಿ ಎಷ್ಟು ಉದ್ದ, ಎಷ್ಟು ತಿರುವು, ಎಷ್ಟು ಏರು ಎಂದು ವಿಚಾರಿಸಿದರು. ಬುದ್ಧಿ ಬಂತು ಎಂದುಕೊಂಡೆ. ಮರುದಿನ ಬೇಲಿಯ ಆಚೆಯಿಂದ ಕೂಗಿ ಹೇಳಿದರು: "ಆ ನಿಮ್ಮ ಘಾಟಿಗೆ 427 ಹಾಕಿದರೆ ಗೇರ್ ಇಳಿಸುವ ಪ್ರಸಂಗವೇ ಬರುವುದಿಲ್ಲ."

ಹೌದು, ಅಷ್ಟರಲ್ಲಿ 427 ಬಂದಾಗಿತ್ತು. ರೇಸಿಗೆಂದೇ ಎರಕ ಹೊಯ್ದ ದಪ್ಪ ಗೋಡೆಯ ಬ್ಲಾಕು, ಬೋರ್ 4.125, ಸ್ಟ್ರೋಕ್ 4 ಇಂಚು. ಒಂದೇ ತೊಡಕು: ಅಷ್ಟು ಉದ್ದದ ಸ್ಟ್ರೋಕಿನಲ್ಲಿ ಕನೆಕ್ಟಿಂಗ್ ರಾಡು ತಿರುಗುವಾಗ ಕ್ಯಾಮ್‌ಶಾಫ್ಟಿಗೆ ತಗಲುವಷ್ಟು ಹತ್ತಿರ ಬರುತ್ತದೆ. ಅದಕ್ಕೆ ಬೇರೆ ಕ್ಯಾಮು. ಕ್ಯಾಮು ಹೇಗೂ ಬದಲಾಗುತ್ತಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಇಡೀ ಕಾರು ಗುಡುಗುಡು ನಡುಗುವಂಥದ್ದೇ ಇರಲಿ. ಅಂಥ ಕ್ಯಾಮು ಹಾಕಿದರೆ ನಿಂತಲ್ಲಿ ವ್ಯಾಕ್ಯೂಮ್ ಕಡಿಮೆಯಾಗಿ ಪವರ್ ಬ್ರೇಕು ಕಲ್ಲಿನಂತಾಗುತ್ತದೆ; ಆದ್ದರಿಂದ ಬ್ರೇಕು ಬೇರೆ. ಈ ಶಕ್ತಿಗೆ ನೋವಾದ ಹತ್ತು ಬೋಲ್ಟಿನ ಆಕ್ಸಲ್ ತಾಳದು, ಹನ್ನೆರಡು ಬೋಲ್ಟಿನದು ಬೇಕು. ಗೇರ್‌ಬಾಕ್ಸ್ ಬೇರೆ, ರೇಡಿಯೇಟರ್ ಬೇರೆ.

"ಹಾಗಾದರೆ ಕಾರಿನಲ್ಲಿ ಹಳೆಯದು ಅಂತ ಉಳಿಯೋದು ಏನು?" ಎಂದು ಹೆಂಡತಿ ಕೇಳಿದಳು.

"ನಂಬರ್ ಪ್ಲೇಟು."

"ಅದಕ್ಕೇ ಒಂದು ಇಂಜಿನ್ ಕಟ್ಟಿಸಿಬಿಡು, ಅಗ್ಗವಾಗುತ್ತೆ" ಎಂದು ಆಕೆ ತೋಟಕ್ಕೆ ನೀರು ಬಿಡಲು ಹೋದಳು. ಆಕೆ ಒಳ್ಳೆಯ ಹೆಂಗಸು. ಗಂಡ ರಾತ್ರಿ ಎಲ್ಲಿ ಹೋಗಿದ್ದಾನೆ ಎಂದು ಒಂದು ದಿನವೂ ಚಿಂತಿಸಬೇಕಾಗಿ ಬಂದಿಲ್ಲ; ಹೋಗಲು ಗಾಡಿ ಬೇಕಲ್ಲ.

ಎಲ್ಎಸ್ ಕಡೆಗೂ ಮಹಾಶಯರ ಮನಸ್ಸು ಜಾರಿದ್ದುಂಟು. 2006ರ ಕಾರ್ವೆಟ್ ಜ಼ಡ್06ರಲ್ಲಿ ಕಂಪನಿಯೇ ಎಲ್ಎಸ್7 ಎಂಬುದನ್ನು ಹಾಕಿತು: ಅದೇ 4.125 ಬೋರು, ಅದೇ 4 ಇಂಚು ಸ್ಟ್ರೋಕು, 427 ಇಂಚು, ಟೈಟಾನಿಯಂ ಕನೆಕ್ಟಿಂಗ್ ರಾಡು, 505 ಅಶ್ವಶಕ್ತಿ. ಅವರ ಸಿದ್ಧಾಂತವೇ ಅಲ್ಯೂಮಿನಿಯಂ ಮೈ ತಳೆದು ಬಂದಿತ್ತು. ಆದರೆ ಅದಕ್ಕೆ ಕಂಪ್ಯೂಟರ್ ಬೇಕು. ಕಾರ್ಬ್ಯುರೇಟರಿನ ಕಾಲದವರಿಗೆ ಅದೊಂದು ದಿಗಿಲು. "ನೀವು ಸಾಫ್ಟ್‌ವೇರಿನವರಲ್ಲವೆ, ಟ್ಯೂನ್ ಮಾಡಿಕೊಡ್ತೀರಾ?" ಎಂದು ನನ್ನನ್ನೇ ಕೇಳಿದರು. ನಾನು ಮಾಡುವುದು ಸಂಬಳದ ಲೆಕ್ಕದ ಸಾಫ್ಟ್‌ವೇರ್ ಎಂದೆ. ಅವರಿಗೆ ವ್ಯತ್ಯಾಸ ದೊಡ್ಡದೆನಿಸಲಿಲ್ಲ.

ಎದುರು ಮನೆಯವರು ಫೋರ್ಡ್ ಪಂಥ. ಅವರದು 351 ವಿಂಡ್ಸರ್ ಬ್ಲಾಕನ್ನು 408 ಮಾಡುವ ಯೋಜನೆ. ಅಲ್ಲೂ ಗ್ಯಾರೇಜಿನ ನೆಲವೇ ಕಾಣುತ್ತದೆ. ಇಬ್ಬರೂ ಭಾನುವಾರ ಮಾಂಸ ಸುಡುತ್ತಾ, ಇಲ್ಲದ ಎರಡು ಇಂಜಿನ್‌ಗಳಲ್ಲಿ ಯಾವುದು ಮುಂದೆ ಹೋಗುತ್ತದೆ ಎಂದು ಜಗಳಾಡುತ್ತಾರೆ. ಒಂದೇ ವಿಷಯಕ್ಕೆ ಒಗ್ಗಟ್ಟು: ಗುಜರಿಯಿಂದ ಟ್ರಕ್ಕಿನ 5.3 ಲೀಟರ್ ಇಂಜಿನ್ ತಂದು, ಟರ್ಬೊ ಸಿಕ್ಕಿಸಿ, ರೊಯ್ಯನೆ ಓಡಾಡುವ ಹುಡುಗರಿಗೆ ಸಂಸ್ಕಾರವಿಲ್ಲ. "ಬರೀ 325 ಇಂಚು" ಎಂದು ಇಬ್ಬರೂ ಹುಡುಗರು ಎಬ್ಬಿಸಿದ ಧೂಳಿನೊಳಗೆ ನಿಂತು ಹೇಳುತ್ತಾರೆ.

ಬೇಸಿಗೆ ಬಂತೆಂದರೆ ಹಳೆಯ ಬಿಡಿಭಾಗಗಳ ಸಂತೆ. ಮಹಾಶಯರು ಜೇಬಿನಲ್ಲಿ ಕ್ಯಾಲಿಪರ್, ಟಾರ್ಚು, ಪುಟ್ಟ ಕನ್ನಡಿ ಇಟ್ಟುಕೊಂಡು ಹೊರಡುತ್ತಾರೆ. ಬ್ಲಾಕಿನ ಹಿಂದಿನ ಎರಕದ ನಂಬರನ್ನು ಉಜ್ಜಿ ಓದುತ್ತಾರೆ, ಮೇನ್ ಕ್ಯಾಪಿನಲ್ಲಿ ಎರಡು ಬೋಲ್ಟೋ ನಾಲ್ಕೋ ಎಣಿಸುತ್ತಾರೆ, ಸಿಲಿಂಡರಿನ ಗೋಡೆಯನ್ನು ಉಗುರಿನಲ್ಲಿ ಸವರುತ್ತಾರೆ. ಮಾರುವವನು ಕೊಟ್ಟ ಕಾಫಿಯನ್ನೂ ಕುಡಿಯುತ್ತಾರೆ. ಆಮೇಲೆ ಉಪ್ಪಿಟ್ಟು ಕೇಸರಿಬಾತು ಮುಗಿಸಿ 'ಊರಿಗೆ ಹೋಗಿ ಕಾಗದ ಬರೀತೀವಿ' ಎನ್ನುವ ಗಂಡಿನ ಕಡೆಯವರ ಹಾಗೆ, "ಯೋಚನೆ ಮಾಡಿ ಫೋನ್ ಮಾಡ್ತೀನಿ" ಎಂದು ಎದ್ದು ಬರುತ್ತಾರೆ. ಆ ಬ್ಲಾಕನ್ನು ಯಾವನೋ ಅನನುಭವಿ ಅದೇ ಸಂಜೆ ಕೊಂಡು, ಜೋಡಿಸಿ, ಮುಂದಿನ ತಿಂಗಳಲ್ಲಿ ಓಡಿಸುತ್ತಿರುತ್ತಾನೆ.

ಇಷ್ಟಾದರೂ ಮಹಾಶಯರನ್ನು ಕೆಲಸಕ್ಕೆ ಬಾರದವರೆಂದು ತಿಳಿದರೆ ತಪ್ಪಾಗುತ್ತದೆ. ಬಡಾವಣೆಯಲ್ಲಿ ಓಡುತ್ತಿರುವ ಹಳೆಯ ಗಾಡಿಗಳಲ್ಲಿ ಅರ್ಧದಷ್ಟು ಅವರ ಮಾತು ಕೇಳಿ ಓಡುತ್ತಿರುವಂಥವು. ಲೈಸೆನ್ಸ್ ಬಂದ ಆ ಪಕ್ಕದ ಮನೆ ಹುಡುಗ ಅಜ್ಜನ ಷೆವ್ರೊಲೆ ಪಿಕಪ್ ಇಟ್ಟುಕೊಂಡು ಸಲಹೆಗೆ ಬಂದ. 427 ಹಾಕಲೇ ಎಂದು ಕೇಳಿದ. ಮಹಾಶಯರು ತಿರುಗಿ ನಾಲ್ಕು ಪ್ರಶ್ನೆ ಕೇಳಿದರು: ಗಾಡಿ ಎಷ್ಟು ತೂಕ? ಹಿಂದಿನ ಗೇರ್ ಅನುಪಾತ ಎಷ್ಟು? ಬಂಕಿನ ಪೆಟ್ರೋಲೋ ರೇಸಿನ ಪೆಟ್ರೋಲೋ? ವರ್ಷದಲ್ಲಿ ಎಷ್ಟು ಸಲ ಆರು ಸಾವಿರ ಆರ್‌ಪಿಎಂ ದಾಟಿಸುತ್ತೀ?

ಹುಡುಗ ಉತ್ತರ ಹೇಳಿದ.

"350 ಹಾಕು. ಸಾಧು ಕ್ಯಾಮು, ಕಂಪ್ರೆಷನ್ ಒಂಬತ್ತೂವರೆ ಮೀರಬೇಡ. ಮಿಕ್ಕ ದುಡ್ಡಲ್ಲಿ ಬ್ರೇಕು, ಟಯರು ಸರಿ ಮಾಡಿಸು. ರಸ್ತೆಯಲ್ಲಿ ಗಾಡಿ ಎಳೆಯೋದು ಕೆಳಗಿನ ಆರ್‌ಪಿಎಂನ ಟಾರ್ಕು, ಕಾಗದದ ಮೇಲಿನ ಅಶ್ವಶಕ್ತಿ ಅಲ್ಲ. ಶನಿವಾರದೊಳಗೆ ಆರ್ಡರ್ ಮಾಡು, ಜಾಸ್ತಿ ಓದಬೇಡ." ಎರಡು ನಿಮಿಷದ ಮಾತು. ಒಂದು ಕಾಮಾ ಕೂಡ ತೆಗೆಯುವಂತಿರಲಿಲ್ಲ. ಆಮೇಲೆ ಇಡೀ ವಸಂತ ಹುಡುಗನ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು, ವಾಲ್ವ್ ಕೂರಿಸಿ, ಟೈಮಿಂಗ್ ಹಿಡಿದು, ಮೊದಲ ಸಲ ಸ್ಟಾರ್ಟ್ ಮಾಡಿಸಿದವರೂ ಅವರೇ.

ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಈ ಮೆರವಣಿಗೆಗೆ ಸಾವಿರಾರು ಹಳೆಯ ಕಾರುಗಳು ವುಡ್‌ವರ್ಡ್ ರಸ್ತೆಗೆ ಇಳಿಯುತ್ತವೆ. ಐನೂರು ಅಶ್ವಶಕ್ತಿಯ ಗಾಡಿಗಳನ್ನು ಫುಟ್‌ಪಾತಿನ ಮೇಲೆ ನಡೆದು ಹೋಗುವ ಅಜ್ಜಿಯರು ಹಿಂದೆ ಹಾಕುತ್ತಾರೆ, ಅಷ್ಟು ಜನಜಂಗುಳಿ. ಮಹಾಶಯರು ಮಡಚುವ ಕುರ್ಚಿ ಹಾಕಿಕೊಂಡು ರಸ್ತೆ ಬದಿಯಲ್ಲಿ ಕೂತು, ಹೋಗುವ ಒಂದೊಂದು ಇಂಜಿನ್ನನ್ನೂ ಸದ್ದಿನಿಂದಲೇ ಗುರುತಿಸಿ ನಂಬರ್ ಹೇಳುತ್ತಿದ್ದರು. ಹುಡುಗನ ಪಿಕಪ್ ಬಂತು, ಬಿಸಿಯಾಗದೆ, ಕೆಮ್ಮದೆ, ತಣ್ಣಗೆ. ಅವನು ಕಿಟಕಿಯಿಂದ ಬಗ್ಗಿ ಕೂಗಿದ:

"ನೀವು ಹೇಳಿದ ಹಾಗೇ ಮಾಡಿದ್ದಕ್ಕೆ ಓಡ್ತಾ ಇದೆ! ನಿಮ್ಮ ನೋವಾಕ್ಕೂ ಅದನ್ನೇ ಹಾಕಬಾರದಾ?"

ಮಹಾಶಯರು ಅವನ ಅಜ್ಞಾನಕ್ಕೆ ಮರುಗಿದರು.

"ನೋಡಪ್ಪಾ, ನಿನಗೆ ಬೇಕಾಗಿದ್ದದ್ದು ಓಡುವ ಗಾಡಿ. ನನ್ನ ಕೇಸು ಬೇರೆ."