ಹುರುಳಿಕಟ್ಟಿನಲ್ಲಿ ಹನೋಯ್

ವಿಯೆಟ್ನಾಂ ನೋಡಿಕೊಂಡು ಬಂದ ಮೇಲೆ ನಮ್ಮ ಅಣ್ಣನ ಮಗನಿಗೆ ಇಡ್ಲಿ ರುಚಿಸುತ್ತಿಲ್ಲ. ಹನೋಯ್‌ನಲ್ಲಿ ಜನ ಬೆಳಗಾಗುತ್ತಲೇ ಫುಟ್‌ಪಾತಿನ ಕುಳ್ಳ ಸ್ಟೂಲುಗಳ ಮೇಲೆ ಕೂತು 'ಫೋ' ಹೀರುತ್ತಾರಂತೆ. ಅಕ್ಕಿಯ ನೂಡಲ್ಸು, ಮೇಲೆ ಹೊಗೆಯಾಡುವ ತಿಳಿಸಾರು, ಸೊಪ್ಪು, ನಿಂಬೆಹುಳಿ. ಸಾರಿಗೆ ಶುಂಠಿ, ಈರುಳ್ಳಿಗಳನ್ನು ಕೆಂಡದಲ್ಲಿ ಸುಟ್ಟು, ಚಕ್ಕೆ, ಅನಾನಸ್ ಹೂ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಜೊತೆಗೆ ದನದ ಎಲುಬನ್ನೂ ಕುದಿಸುತ್ತಾರೆ ಎಂಬುದನ್ನು ಅವನು ತನ್ನ ಅಮ್ಮನಿಗೆ ಹೇಳಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿನ ಬೌದ್ಧರು ಮಾಂಸ ಬಿಟ್ಟು ಮಾಡುವ 'ಫೋ ಚಾಯ್' ಇದೆಯಲ್ಲ, ಅದರ ಸಂಗತಿ ಮಾತ್ರ ಮನೆಯಲ್ಲಿ ವಿಸ್ತಾರವಾಗಿ ಪ್ರಚಾರವಾಗಿದೆ. ಇವನು ಅಲ್ಲಿದ್ದಷ್ಟು ದಿನವೂ ಹುಣ್ಣಿಮೆಯೇ ಇತ್ತೆಂದು ಅತ್ತಿಗೆ ನಂಬಿದ್ದಾರೆ.

ಇಂಥವನನ್ನು ಕರೆದುಕೊಂಡು ಮಾಲೇಕಲ್ಲು ತಿರುಪತಿಗೆ ಹೋದೆ. ಅರಸೀಕೆರೆಯ ಪಕ್ಕದ ಈ ಬೆಟ್ಟಕ್ಕೆ ಸಾವಿರಕ್ಕೂ ಮೀರಿ ಮೆಟ್ಟಿಲು. ವೆಂಕಟರಮಣ ಮೇಲೆ ನಿಂತು ಕಾಯುತ್ತಾನೆ, ಅವನಿಗೇನು ಅವಸರ. ಇಳಿದು ಬರುವ ಹೊತ್ತಿಗೆ ನನಗೆ ಮೊಣಕಾಲು ನೆನಪಾದರೆ ಹುಡುಗನಿಗೆ ಫೋ ನೆನಪಾಯಿತು. ಮೊಬೈಲಿನ ನಕ್ಷೆಯಲ್ಲಿ 'ಫೋ' ಎಂದು ಹೊಡೆದ. ಅರಸೀಕೆರೆ ಉದಾರವಾಗಿ ಫೋಟೋ ಸ್ಟುಡಿಯೋಗಳನ್ನೂ ಫೋನ್ ರಿಪೇರಿ ಅಂಗಡಿಗಳನ್ನೂ ತೋರಿಸಿತು.

ಸಮಾಧಾನಕ್ಕೆ ಊರೊಳಗಿನ ಶಿವಾಲಯಕ್ಕೆ ಕರೆದೊಯ್ದೆ. ಹೊಯ್ಸಳರ ಕಾಲದ್ದು, 1220ರದು. ಅದರ ನಕ್ಷತ್ರಾಕಾರದ ಮುಖಮಂಟಪದಂಥದು ಬೇರೆಲ್ಲಿ ಸಿಕ್ಕೀತು! ನಾನು ಕೋನಗಳನ್ನು ವಿವರಿಸುತ್ತಿದ್ದರೆ ಇವನು ಒಂದು ಸುತ್ತು ಬಂದು, "ಚಿಕ್ಕಪ್ಪ, ಥೇಟ್ ಅನಾನಸ್ ಹೂ" ಅಂದ. ಹಸಿದವನ ಮುಂದೆ ವಾಸ್ತುಶಿಲ್ಪ ಮಾತಾಡಬಾರದು.

ಸಂಜೆ ಬಸ್‌ಸ್ಟ್ಯಾಂಡಿನ ಕಡೆಯ ತಳ್ಳುಗಾಡಿಯಲ್ಲಿ ಗೋಬಿಯ ಪಕ್ಕ ನೂಡಲ್ಸ್ ಕಂಡಿತು. 2024ರಲ್ಲಿ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣಕ್ಕೆ ನಿಷೇಧ ಹಾಕಿದ ಮೇಲೆ ಗೋಬಿಯ ಮುಖ ಸ್ವಲ್ಪ ಬಿಳಿಚಿದೆ, ವ್ಯಾಪಾರ ಬಿಳಿಚಿಲ್ಲ. "ಈ ನೂಡಲ್ಸನ್ನೇ ಸಾರಿನಲ್ಲಿ ಹಾಕಿ, ನೀರಾಗಿ ಕೊಡ್ತೀರಾ?" ಎಂದು ಹುಡುಗ ಕೇಳಿದ. ಗಾಡಿಯವನು ಬಾಣಲೆ ಎತ್ತಿ ಎಗರಿಸುವುದನ್ನು ನಿಲ್ಲಿಸಿ, ಬಹಳ ಕನಿಕರದಿಂದ ನನ್ನ ಕಡೆ ತಿರುಗಿದ: "ಹುಡುಗನಿಗೆ ಜ್ವರ ಬಂದು ಎಷ್ಟು ದಿನ ಆಯ್ತು ಸಾರ್?"

ನಿಜ ಹೇಳಬೇಕೆಂದರೆ ಕರ್ನಾಟಕದಲ್ಲಿ ನೂಡಲ್ಸ್ ಸಾರಿಗೆ ಗತಿಯಿಲ್ಲದೆ ಇಲ್ಲ. ಬೈಲುಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರ ಹೋಟೆಲುಗಳಲ್ಲಿ ಒಳ್ಳೆಯ ತುಕ್ಪಾ ಸಿಗುತ್ತದೆ. ಆದರೆ ನಾವು ಹೊರಟದ್ದು ಹಳೇಬೀಡಿಗೆ. ಅಲ್ಲಿ ಹೊಯ್ಸಳೇಶ್ವರನ ಗೋಡೆಯ ಮೇಲೆ ಆನೆ, ಕುದುರೆ, ಮಕರ, ಹಂಸ ಸಾಲುಗಟ್ಟಿವೆ, ರಾಮಾಯಣ ಮಹಾಭಾರತಗಳು ನಡೆದುಹೋಗುತ್ತವೆ. ಬಟ್ಟಲಿಗೆ ಮುಖವಿಟ್ಟು ಹೀರುವವನು ಒಬ್ಬನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಬೇಲೂರಿನ ಹೋಟೆಲಿನಲ್ಲಿ ಮಾಣಿ, "ಶಾವಿಗೆ ಉಪ್ಪಿಟ್ಟಿದೆ, ರಸಂ ಇದೆ, ಸೇರಿಸಿಕೊಳ್ಳೋದು ನಿಮ್ಮಿಷ್ಟ" ಎಂದ. ಹುಡುಗ ಸೇರಿಸಿಕೊಂಡೂ ಬಿಟ್ಟ. ಆ ವಿಷಯ ಇಲ್ಲಿಗೇ ಬಿಡೋಣ.

ವಾಪಸು ಬರುವಾಗ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮನ ಮನೆಗೆ ಹೋದೆವು. ಅಂದು ಅವರ ಮನೆಯಲ್ಲಿ ಒತ್ತುಶಾವಿಗೆ. ಅಕ್ಕಿಹಿಟ್ಟು ಕುದಿಸಿ, ಕೂಡಿಸಿ, ಉಂಡೆ ಕಟ್ಟಿ, ಮತ್ತೆ ಬೇಯಿಸಿ, ಬಿಸಿ ಆರುವ ಮೊದಲೇ ಮೂರು ಕಾಲಿನ ಕಬ್ಬಿಣದ ಒರಳಿಗೆ ಹಾಕಿ ತಿರುಗಿಸಬೇಕು. ತಿರುಗಿಸುವ ಕೆಲಸ ಯಾವಾಗಲೂ ಮನೆಗೆ ಬಂದ ಗಂಡಸರದು. ನಾನು ತಿರುಗಿಸುತ್ತಿದ್ದರೆ ಹುಡುಗ ಕೆಳಗೆ ಬೀಳುವ ಎಳೆಗಳನ್ನೇ ನೋಡುತ್ತ ಕೂತ. ಫೋ ಎಳೆ ಚಪ್ಪಟೆ, ಅಕ್ಕಿಯ ಹಾಳೆ ಬೇಯಿಸಿ ಕತ್ತರಿಸಿದ್ದು. ಅಲ್ಲಿಯೇ 'ಬುನ್' ಅಂತ ಇನ್ನೊಂದಿದೆಯಂತೆ: ದುಂಡನೆಯ ಎಳೆ, ತೂತಿನ ಅಚ್ಚಿನಿಂದ ನೇರ ಕುದಿಯುವ ನೀರಿಗೇ ಒತ್ತುತ್ತಾರೆ. "ಇದು ಬುನ್, ಚಿಕ್ಕಪ್ಪ!" ಎಂದು ಕೂಗಿದ. ಬನ್ನು ಬೇಕಾದರೆ ಬೇಕರಿಗೆ ಹೋಗು ಎಂದರು ದೊಡ್ಡಮ್ಮ.

ಶಾವಿಗೆಗೆ ಅವರು ಬೆಲ್ಲದ ಕಾಯಿಹಾಲು ತಂದಿಟ್ಟರು. ತೆಂಗಿನ ಸೀಮೆಯಲ್ಲಿ ಇನ್ನೇನು ತರುತ್ತಾರೆ. ಹುಡುಗನ ಕಣ್ಣು ಒಲೆಯ ಮೇಲಿನ ಹುರುಳಿಕಟ್ಟಿನ ಮೇಲೆ. ಬೆಂದ ಹುರುಳಿಯಿಂದ ಬಸಿದು ಮತ್ತೆ ಕುದಿಸಿದ ಕಟ್ಟು, ಒಗ್ಗರಣೆಯ ಬೆಳ್ಳುಳ್ಳಿ ತೇಲುತ್ತಿತ್ತು. ಶಾವಿಗೆಯ ಮೇಲೆ ಅದನ್ನು ಎರಡು ಸೌಟು ಸುರಿದು, ಕೊತ್ತಂಬರಿ, ಪುದೀನ ಹರಿದು ಹಾಕಿ, ನಿಂಬೆಹಣ್ಣು ಹಿಂಡಿದ. ನಾನೂ ಬಟ್ಟಲು ಒಡ್ಡಿದೆ. ಎಲುಬಿಲ್ಲದೆಯೂ ಸಾರಿಗೆ ಇಷ್ಟು ಮೈ ಬರುತ್ತದೆಂದು ಹನೋಯ್‌ಗೆ ಯಾರಾದರೂ ತಿಳಿಸಬೇಕು. ಹೋಟೆಲುಗಳಲ್ಲಿ ಇದು ಸಿಗದಿದ್ದುದರಲ್ಲೂ ಅರ್ಥವಿದೆ: ಅಲ್ಲಿನವರು ಮನೆಯಲ್ಲಿ ಮಾಡುವುದು ರಗಳೆಯೆಂದು ಫೋವನ್ನು ಬೀದಿಗೆ ಬಿಟ್ಟರು, ನಮ್ಮವರು ಅದೇ ರಗಳೆಯನ್ನು ನೆಂಟರಿಗಾಗಿ ಕಾದಿರಿಸಿದರು.

ದೊಡ್ಡಮ್ಮ ನಮ್ಮ ಹೀರುವ ಸದ್ದನ್ನು ಸಹಿಸಿಕೊಂಡರು.

"ಆ ದೇಶದಲ್ಲಿ ದಿನಾ ಬೆಳಿಗ್ಗೆ ಒರಳು ತಿರುಗಿಸೋರು ಯಾರಪ್ಪ?"

"ಈಗೆಲ್ಲ ಮಿಷನ್, ಅಜ್ಜಿ."

"ಹಂಗಾದ್ರೆ ಅದೇನು ಹೆಚ್ಚುಗಾರಿಕೆ," ಎಂದು ಇನ್ನೊಂದು ಬಿಸಿ ಉಂಡೆಯನ್ನು ಒರಳಿಗೆ ತುರುಕಿ, ಹಿಡಿಯನ್ನು ನನ್ನ ಕಡೆ ತಿರುಗಿಸಿದರು.