ವಲ್ಕೌಲ್ ಎಂಬ ಹಕ್ಕಿ: ತಜ್ಞರ ವರದಿ

ಡಚ್ ಭಾಷೆಯ ಸಮಾಸಗಳಲ್ಲಿ ನಾನು ತಜ್ಞ. ಹೈಸ್ಕೂಲಿನಲ್ಲಿ ಲೋಪ, ಆಗಮ, ಆದೇಶ ಸಂಧಿಗಳನ್ನು ಬಾಯಿಪಾಠ ಮಾಡಿದವನಿಗೆ ಜಗತ್ತಿನ ಯಾವ ಪದವನ್ನಾದರೂ ಬಿಡಿಸುವ ಹಕ್ಕು ತಾನಾಗಿ ಬರುತ್ತದೆ. ಪ್ರಮಾಣಪತ್ರ ಬೇರೆ ಬೇಕಿಲ್ಲ.

ಡಚ್ಚರು ಸಮಾಸವನ್ನು ಒಂದೇ ಪದವಾಗಿ ಬರೆಯುತ್ತಾರೆ. ನಡುವೆ ಜಾಗ ಬಿಟ್ಟವನಿಗೆ ‘ಇಂಗ್ಲಿಷ್ ಕಾಯಿಲೆ’ ಬಡಿದಿದೆ ಎನ್ನುತ್ತಾರೆ. ಕಾಯಿಲೆ ಇಲ್ಲದವರ ಅವಸ್ಥೆ ನೋಡಿ. ‘ವಲ್ಕೌಲ್’ ಅನ್ನು ವಲ್-ಕೌಲ್ ಎಂದು ಮುರಿದರೆ ಬೇಟೆಯ ಗುಂಡಿ. ವಲ್ಕ್-ಔಲ್ ಎಂದು ಮುರಿದರೆ ಡೇಗೆಗೂಬೆ. ಈ ಹಕ್ಕಿಯನ್ನು ನಾನು ಇನ್ನೂ ಕಂಡಿಲ್ಲ. ಹುಡುಕಿ ಹೋದವರು ಗುಂಡಿಗೆ ಬಿದ್ದಿರಬೇಕೆಂದು ನನ್ನ ಅಂದಾಜು.

ಉಚ್ಚಾರದ ಒತ್ತು ಕೆಲವೊಮ್ಮೆ ಕಾಪಾಡುತ್ತದೆ. ಸಮಾಸದಲ್ಲಿ ಅದು ಸಾಮಾನ್ಯವಾಗಿ ಮೊದಲ ಪದದ ಮೇಲೆ ಬೀಳುವಂಥದ್ದು. ಒಂದೇ ಕಾಗುಣಿತದ ಪದ ‘ಮಸಾಝೆ-ಬೆಡ್’ ಆದಾಗ ಒತ್ತು ‘ಸಾ’ ಮೇಲೆ. ಅರ್ಥ, ಮಾಲೀಸಿನ ಮಂಚ. ಅದೇ ‘ಮಸ್ಸಾ-ಖೆಬೆಡ್’ ಆದಾಗ ಒತ್ತು ‘ಮ’ ಮೇಲೆ. ಅರ್ಥ, ಸಾಮೂಹಿಕ ಪ್ರಾರ್ಥನೆ. ಒಳಗೆ ಹೋಗುವ ಮೊದಲು ಒತ್ತು ಎಲ್ಲಿದೆ ಎಂದು ಕೇಳಿಕೊಳ್ಳಿ. ಅಂಗಿ ಬಿಚ್ಚಬೇಕೋ ಕೈ ಜೋಡಿಸಬೇಕೋ ತಿಳಿಯುತ್ತದೆ.

‘ಬೊಮ್ಮೆಲ್ಡಿಂಗ್’ಗೆ ಮಾತ್ರ ಮದ್ದಿಲ್ಲ. ಬೊಮ್-ಮೆಲ್ಡಿಂಗ್ ಎಂದರೆ ಬಾಂಬ್ ಇದೆಯೆಂಬ ಸುದ್ದಿ. ಬೊಮ್ಮೆಲ್-ಡಿಂಗ್ ಎಂದರೆ ಬೊಮ್ಮೆಲ್‌ನ ಸಾಮಾನು. ಈ ಬೊಮ್ಮೆಲ್, ಮಾರ್ಟೆನ್ ಟೋಂಡರ್ ಅವರ ಚಿತ್ರಕಥೆಗಳ ಗಣ್ಯ ಕರಡಿ. ಒತ್ತು ಎರಡರಲ್ಲೂ ‘ಬೊಮ್’ ಮೇಲೆಯೇ. ಸಾಲಿನ ಕೊನೆಯಲ್ಲಿ ಒಡೆದರೂ ಎರಡೂ ಬೊಮ್-ಮೆಲ್-ಡಿಂಗ್. ಆದ್ದರಿಂದ ಕಟ್ಟಡ ಖಾಲಿ ಮಾಡಿಸುವ ಅಧಿಕಾರಿ ಕರಡಿಯ ಸಾಧ್ಯತೆಯನ್ನೂ ಕಡತದಲ್ಲಿ ನಮೂದಿಸಬೇಕೆಂದು ಶಿಫಾರಸು ಮಾಡುತ್ತೇನೆ.

ಸಮಾಸವಲ್ಲದಿದ್ದರೂ ‘ಓಪಾಚೆ’ಯನ್ನು ಬಿಡುವಂತಿಲ್ಲ. ಪುಟ್ಟ ಅಜ್ಜ ಎಂದರ್ಥ. ಡಚ್ ಬರಹದಲ್ಲಿ ಇದರ ನಡುವೆ ಎರಡು ‘ಎ’ ಇವೆ. ಸಾಲಿನ ಅಂಚಿನಲ್ಲಿ ಅಜ್ಜನನ್ನು ಸೀಳಬೇಕಾಗಿ ಬಂದರೆ ಒಂದು ‘ಎ’ಯನ್ನು ಕೈಬಿಡಬೇಕು ಎಂಬುದು ನಿಯಮ. ನಮ್ಮಲ್ಲಿ ಲೋಪವಾಗುವುದು ಕೂಡಿಸುವಾಗ, ಅವರಲ್ಲಿ ಬಿಡಿಸುವಾಗ. ನನ್ನ ಹೈಸ್ಕೂಲು ಇದನ್ನು ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ಸರಿಪಡಿಸಿ ಎಂದು ಅರ್ಜಿ ಹಿಡಿದು ಹೋಗಬೇಕಾದ ನಗರಾಡಳಿತ ಭವನಕ್ಕೆ ಡಚ್ಚರು ‘ಸ್ಟಟ್‌ಹೌಸ್’ ಎನ್ನುತ್ತಾರೆ. ಊರು, ಮನೆ ಎಂಬ ಎರಡು ಪದಗಳ ಸಮಾಸ. ನಿಯಮದಂತೆ ಒತ್ತು ‘ಸ್ಟಟ್’ ಮೇಲೆ ಬೀಳಬೇಕು. ಬೀಳುವುದು ‘ಹೌಸ್’ ಮೇಲೆ.