ಲವಂಗ ಕಡಿಮಿ ಆತು

ಗದಗಿನ ಮದುವೆ ಮನೆಯಲ್ಲಿ ಅಕ್ಷತೆ ಬೀಳುವುದಕ್ಕಿಂತ ಮೊದಲೇ ಸೆಂಟಿನ ಕಾಕಾ ನಿಮ್ಮನ್ನು ಮೂಸಿ ಮುಗಿಸಿರುತ್ತಾನೆ. ಕೈ ಕುಲುಕುವ ನೆವದಲ್ಲಿ ಹತ್ತಿರ ಎಳೆದುಕೊಳ್ಳುತ್ತಾನೆ, ಗದ್ದ ನಿಮ್ಮ ಭುಜಕ್ಕೆ ತಾಗುವಷ್ಟು ಬಾಗುತ್ತಾನೆ, ಹೊಳ್ಳೆಗಳು ಎರಡು ಸಲ ಅರಳುತ್ತವೆ. ಆಮೇಲೆ ತೀರ್ಪು: "ಡಬ್ಬಿದ್ದು ಹೊಡಕೊಂಡಿ ಹೌದಿಲ್ಲೋ? ಗುಂಗಾಡಿಗೆ ಹೊಡಿಯೂದೂ ಹಂಗ ನಾರತೈತಿ ನೋಡು." ನೀವು ವರನ ಅಪ್ಪನೇ ಆಗಿದ್ದರೂ ರಿಯಾಯತಿ ಇಲ್ಲ.

ಅವನ ಹೆಸರು ಕೇಳಬೇಡಿ, ಊರಿಗೊಬ್ಬ ಇದ್ದಾನೆ. ನೌಕರಿಯಿಂದ ರಿಟೈರ್ ಆಗಿ ಏಳೆಂಟು ವರ್ಷ, ಕಡಕ್ ಇಸ್ತ್ರಿಯ ಬಿಳಿ ಶರ್ಟು, ಕಿಸೆಯಲ್ಲಿ ಲವಂಗದ ಸಣ್ಣ ಡಬ್ಬಿ. ಮೊದಲಿನಂಗ ಇಲ್ಲ ಎಂಬ ಮಾತನ್ನು ಊರಿನ ಉಳಿದ ಹಿರಿಯರು ಮಳೆಯ ಬಗ್ಗೆ, ರಾಜಕಾರಣದ ಬಗ್ಗೆ, ಸೊಸೆಯಂದಿರ ಬಗ್ಗೆ ಹಂಚಿ ಹಾಕುತ್ತಾರೆ. ಕಾಕಾ ಹಾಗೆ ಪೋಲು ಮಾಡುವವನಲ್ಲ. ಅಷ್ಟೂ ಅಸಮಾಧಾನವನ್ನು ಒಂದೇ ಬಾಟಲಿಯ ಮೇಲೆ ಇಟ್ಟಿದ್ದಾನೆ: ಓಲ್ಡ್ ಸ್ಪೈಸ್.

ಅದರ ಬೇರು ಇರುವುದು ದೂರದರ್ಶನದ ಕಾಲದಲ್ಲಿ. ಆಳೆತ್ತರದ ತೆರೆ, ಅದರ ಮೇಲೆ ಹಲಗೆ ಹಾಕಿಕೊಂಡು ಜಾರುವ ಗಂಡಸು, ಹಿಂದೆ ಕಾರ್ಲ್ ಓರ್ಫ್‌ನ ಕಾರ್ಮಿನಾ ಬುರಾನಾದ ಎದೆ ನಡುಗಿಸುವ ಮೇಳಗಾಯನ. ನಳಕ್ಕೆ ವಾರಗಟ್ಟಲೆ ನೀರು ಬಾರದ ಗದಗ-ಬೆಟಗೇರಿಯಲ್ಲಿ ಕೂತು ಅಷ್ಟು ನೀರನ್ನು ಒಂದೇ ಕಡೆ ಕಂಡವನ ಸ್ಥಿತಿ ಸಮುದ್ರದ ದಂಡೆಯವರಿಗೆ ತಿಳಿಯುವಂಥದ್ದಲ್ಲ. ಕಾಕಾ ಮರುದಿನವೇ ಬಾಟಲಿ ತಂದ. ಅಂದಿನಿಂದ ಸ್ನಾನಕ್ಕೆ ಅರ್ಧ ಕೊಡ ನೀರು, ಕೆನ್ನೆಗೆ ಓಲ್ಡ್ ಸ್ಪೈಸ್. ಭೀಮಸೇನ ಜೋಶಿಯವರ ಊರಿನವನಾಗಿ ಗಡ್ಡ ಹೆರೆಯುವಾಗ ಆ ಜರ್ಮನ್ ಮೇಳವನ್ನು ಗುನುಗುತ್ತಾನೆ. ಅದು ಯಾವ ರಾಗಕ್ಕೂ ಸಿಗುವುದಿಲ್ಲ. ಕತ್ತು ಕೊಯ್ದುಕೊಳ್ಳಲು ಮಾತ್ರ ಅನುಕೂಲ.

ಆ ಬಾಟಲಿ ಗೋವಾದ್ದು. ಮೆನೆಜೆಸ್ ಕಂಪನಿಯ ಮಾಲು. ಬಿಳಿ ಗಾಜು, ಕೆಂಪು ಅಕ್ಷರ, ಹಾಯಿಹಡಗಿನ ಚಿತ್ರ. "ಮುಚ್ಚಳ ತಗದರ ಸಾಕು, ಪಡಸಾಲ್ಯಾಗ ಕುಂತಾಂವಗ ಬಚ್ಚಲದಾಗ ಯಾರದಾರ ಅಂತ ಗೊತ್ತಾಗ್ತಿತ್ತು. ಲವಂಗ, ದಾಲ್ಚಿನ್ನಿ, ಜಾಜಿಕಾಯಿ, ಒಂದರ ಹಿಂದ ಒಂದು ಹಾಜರಿ ಹಾಕ್ತಿದ್ದುವು. ಈಗ? ಲವಂಗ ಕಡಿಮಿ ಆತು. ನೀರು ಹಾಕ್ಯಾರ." ಈ ಭಾಷಣ ನಡೆಯುವ ಜಾಗ ಸ್ಟೇಶನ್ ರೋಡಿನ ಕಡೆಯ ಕ್ಷೌರದಂಗಡಿ. ಮುಖಕ್ಕೆ ಸೋಪು ಹಚ್ಚಿಸಿಕೊಂಡವರು ಎದ್ದು ಹೋಗುವಂತಿಲ್ಲವಾದ್ದರಿಂದ ಕಾಕಾನಿಗೆ ಆ ಸಭೆ ಬಹಳ ಇಷ್ಟ. ಬೆಟಗೇರಿಯಲ್ಲಿಯೂ ಒಬ್ಬ ಕಾಕಾ ಇದ್ದಾನೆ. ಎರಡೂ ಊರಿಗೆ ಒಂದೇ ನಗರಸಭೆ, ಆದರೆ ಅವನು ಗದಗಿನ ಮೂಗನ್ನು ಒಪ್ಪುವುದಿಲ್ಲ. ಅವನದು ಮಸ್ಕ್ ಪಕ್ಷ.

ಕಾಕಾನ ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಸುಗಂಧದ ಹುಚ್ಚು ಅವನಿಗೂ ಹತ್ತಿದೆ, ಆದರೆ ಅವನದು ಓದಿ ಹತ್ತಿದ ಹುಚ್ಚು. ಮೊದಲ ಸಲ ಬಂದಾಗ ಮಾವನಿಗೆ ಪ್ರೀತಿಯಿಂದ ಅಮೆರಿಕದ ಓಲ್ಡ್ ಸ್ಪೈಸ್ ತಂದುಕೊಟ್ಟ. ಕಾಕಾ ಅದನ್ನು ಉಗುರಿನಿಂದ ಬಡಿದು ನೋಡಿದ. ಟಣ್ ಎನ್ನಲಿಲ್ಲ, ಟಪ್ ಎಂದಿತು.

"ಪ್ಲಾಸ್ಟಿಕ್ಕು!"

ಹುಡುಗ ಸಮಾಧಾನವಾಗಿ ಇತಿಹಾಸ ತೆಗೆದ. ಷುಲ್ಟನ್ ಎಂಬ ಕಂಪನಿ ಇದನ್ನು ಶುರುಮಾಡಿತು, 1990ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೊಂಡುಕೊಂಡಿತು, 2008ರಲ್ಲಿ ಗಾಜು ಹೋಗಿ ಪ್ಲಾಸ್ಟಿಕ್ ಬಂತು, ಬೂದು ಬಣ್ಣದ ಬಿರಡೆ ಕೆಂಪಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಮಾವ-ಅಳಿಯನ ಸಂಬಂಧ ನೆಟ್ಟಗಿರುತ್ತಿತ್ತು. ಅವನು ಇನ್ನೂ ಹಿಂದಕ್ಕೆ ಹೋದ. ಗಂಡಸರ ಓಲ್ಡ್ ಸ್ಪೈಸ್ ಬಂದದ್ದು 1938ರಲ್ಲಿ, ಅದಕ್ಕೂ ಒಂದು ವರ್ಷ ಮೊದಲು, 1937ರಲ್ಲಿ, ಇದೇ ಹೆಸರಿನಲ್ಲಿ ಹೆಂಗಸರ ಸೆಂಟು ಬಂದಿತ್ತು, ಕಂಪನಿಯ ಯಜಮಾನ ಷುಲ್ಟ್ಸ್‌ಗೆ ಅದು ಹೊಳೆದದ್ದು ತಾಯಿ ಮನೆಯಲ್ಲಿ ಇಡುತ್ತಿದ್ದ ಒಣ ಹೂವು-ಮಸಾಲೆಯ ಭರಣಿಯಿಂದ ಎಂದ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಅವನ ಹೆಂಡತಿ ಕಾಕು ಮಾತ್ರ, "ಅಂದರ ಇಷ್ಟ್ ವರ್ಷ ನನ್ನ ಸೆಂಟ್ ನೀವು ಹಚಗೊಂಡು ತಿರಗಿದ್ರಿ" ಎಂದಳು. "ಅಮೇರಿಕಾದವರು ಏನರ ಹೇಳ್ತಾರ" ಎಂದು ಕಾಕಾ ಆ ಅಧ್ಯಾಯ ಮುಚ್ಚಿದ. ಇಂದಿಗೂ ಅದು ಮುಚ್ಚಿಯೇ ಇದೆ.

ಗಮ್ಮತ್ತಿನ ಸಂಗತಿ ಬೇರೆಯದೇ ಇತ್ತು. ಹುಡುಗ ತಿರುಗಿ ಹೋಗುವಾಗ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿಯ ಪಕ್ಕ, ಖಡಕ್ ರೊಟ್ಟಿಯ ಕಟ್ಟಿನ ನಡುವೆ, ಗೋವಾ ಮಾಲಿನ ಬಾಟಲಿಗಳನ್ನು ಪಂಚೆಯಲ್ಲಿ ಸುತ್ತಿ ಇಟ್ಟುಕೊಂಡ. ಅಮೆರಿಕದ ಹಳೆಯ ಓಲ್ಡ್ ಸ್ಪೈಸ್ ಪ್ರಿಯರು ತಮ್ಮ ದೇಶದ ಬಾಟಲಿ ಕೆಟ್ಟಿತೆಂದು ಮುನಿದು ಭಾರತದ್ದನ್ನು ತರಿಸಿಕೊಳ್ಳುತ್ತಾರೆ. ಮೊದಲಿನ ಖಾರ ಅದರಲ್ಲಿ ಉಳಿದಿದೆ ಎಂಬುದು ಅವರ ನಂಬಿಕೆ. ಕಾಕಾನಿಗೆ ಇದನ್ನು ಹೇಳಿದಾಗ ಹೆಮ್ಮೆ ಪಡಬೇಕೋ ಮರುಕ ಪಡಬೇಕೋ ತಿಳಿಯಲಿಲ್ಲ. "ಪಾಪ, ಇದನ್ನ ಹಳೇದು ಅಂತ ತಿಳದಾರಲ್ಲ, ಅವರದು ಎಷ್ಟರ ಕೆಟ್ಟಿರಬೇಕು!"

ಕಾಕಾನ ದೂರಿನಲ್ಲಿ ಸತ್ಯವಿಲ್ಲವೆಂದು ತಿಳಿಯಬೇಡಿ. ಮಸಾಲೆ ಸೆಂಟುಗಳ ಖಾರ ಜಗತ್ತಿನಾದ್ಯಂತ ಇಳಿದಿರುವುದು ನಿಜ. ಸುಗಂಧ ಕಂಪನಿಗಳದೇ ಒಂದು ಅಂತರರಾಷ್ಟ್ರೀಯ ಸಂಘವಿದೆ, ಇಫ್ರಾ ಎಂದು, 1973ರಲ್ಲಿ ಹುಟ್ಟಿದ್ದು. ಯಾವ ಪದಾರ್ಥ ಚರ್ಮಕ್ಕೆ ತುರಿಕೆ ತರುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಅದು ಮಿತಿ ಹಾಕುತ್ತ ಬಂತು. ಲವಂಗದೆಣ್ಣೆಯ ಬಹುಪಾಲು ಯುಜಿನಾಲ್ ಎಂಬ ಪದಾರ್ಥ. ಅದಕ್ಕೆ ಮಿತಿ. ಅದರ ತಮ್ಮ ಐಸೊಯುಜಿನಾಲ್, ಅದಕ್ಕೆ ಇನ್ನೂ ಬಿಗಿ ಮಿತಿ. ದಾಲ್ಚಿನ್ನಿಯ ಜೀವಾಳ ಸಿನ್ನಮಾಲ್, ಅದಕ್ಕೂ ಮಿತಿ. 2005ರಿಂದ ಯುರೋಪಿನಲ್ಲಿ ಇಂಥ 26 ಪದಾರ್ಥಗಳನ್ನು ಲೇಬಲ್ಲಿನ ಮೇಲೆ ಹೆಸರು ಹಿಡಿದು ಬರೆಯಬೇಕೆಂದು ಕಾನೂನಾಯಿತು. ಹೆಸರು ಬರೆಯುವ ಉಸಾಬರಿ ಬೇಡವೆಂದು ಎಷ್ಟೋ ಕಂಪನಿಗಳು ಪದಾರ್ಥವನ್ನೇ ಕೈಬಿಟ್ಟವು. 1977ರಲ್ಲಿ ಪ್ಯಾರಿಸ್ಸಿನಿಂದ ಬಂದು ಜಗತ್ತನ್ನೇ ಕೆಮ್ಮಿಸಿದ ಓಪಿಯಂ ಎಂಬ ಸೆಂಟು 2009ರ ಹೊತ್ತಿಗೆ ಹೊಸ ಅವತಾರ ಎತ್ತಿತು. ಹಳೆಯ ಓಪಿಯಂ ಹಚ್ಚಿದವರು ಇಂದಿಗೂ ಅಳುತ್ತಾರೆ ಎಂದು ಅಳಿಯ ಹೇಳಿದಾಗ ಕಾಕಾ ಗಾಬರಿಯಾಗಿ, "ಅಫೀಮು ಹಚಗೋತಾರೇನಲೇ?" ಎಂದ.

ಯಾವ ಬಾಟಲಿಯಲ್ಲಿ ಎಷ್ಟು ಕಡಿಮೆಯಾಯಿತೆಂದು ಯಾವ ಕಂಪನಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗಾಗಿ ಕಾಕಾನಂಥ ಮೂಗುಗಳಿಗೆ ಕೆಲಸ ತಪ್ಪದು. ಆದರೆ ಕಾರಣ ಕೇಳಿದ ದಿನ ಅವನ ಸಿಟ್ಟು ನೋಡುವಂತಿತ್ತು. "ಯುರೋಪಿನವರ ಚರ್ಮ ತೆಳ್ಳಗ ಅಂತ ನನಗ್ಯಾಕ ಲವಂಗ ಕಡಿಮಿ? ಮೆಣಸಿನಕಾಯಿ ಸೀಜನ್ನಿನಾಗ ಎಪಿಎಂಸಿ ಮುಂದ ಹಾಯ್ದು ಬಾ ಅನ್ನು ಅವರಿಗೆ. ಸೀನಿಕೋತ ಬೆಳದ ಮಂದಿ ನಾವು!" ಇದಕ್ಕೆ ಉತ್ತರ ಕೊಡುವುದು ಕಷ್ಟ. ಸೆಂಟಿನಲ್ಲಿ ಬಿಗಿ ಮಿತಿ ಬಿದ್ದ ಇನ್ನೊಂದು ಪದಾರ್ಥ ಓಕ್‌ಮಾಸ್, ಮರಕ್ಕೆ ಹತ್ತುವ ಕಲ್ಲುಹೂವಿನಂಥದ್ದು. ಅದೇ ಬಳಗದ ದಗಡಫೂಲನ್ನು ಕಾಕು ಪ್ರತಿ ವರ್ಷ ಬೇಸಗೆಯಲ್ಲಿ ಮಸಾಲೆಖಾರಕ್ಕೆ ಮುಷ್ಟಿಗಟ್ಟಲೆ ಹುರಿದು ಕುಟ್ಟಿಸುತ್ತಾಳೆ. ಯುರೋಪು ಹನಿ ಎಣಿಸಿ ಹಾಕುವುದನ್ನು ಗದಗಿನವರು ರೊಟ್ಟಿಗೆ ಹಚ್ಚಿ ತಿಂದು ಮೇಲೆ ಮಜ್ಜಿಗೆ ಕುಡಿಯುತ್ತಾರೆ.

ಲಕ್ಷ್ಮೇಶ್ವರದ ಕಾಕಾ ಬಾಟಲಿಯ ಗೊಡವೆಗೆ ಹೋಗುವವನಲ್ಲ. ಅವನು ಅತ್ತರಿನ ಮನುಷ್ಯ. ಪಂಪ ಹೊಗಳಿದ ಇದೇ ಊರಿನ, ಅಂದಿನ ಪುಲಿಗೆರೆಯ, ತಿರುಳ್ಗನ್ನಡ ಇವನ ಬಾಯಲ್ಲಿ ಈಗಲೂ ಜೀವಂತವಾಗಿದೆ. ಅದನ್ನು ಅಗ್ಗದ ಅತ್ತರಿನೊಳಗಿನ ಪ್ಯಾರಾಫಿನ್ ಎಣ್ಣೆಯನ್ನು ಬೈಯಲು ಬಳಸುತ್ತಾನೆ. ದೂದನಾನಾ ದರ್ಗಾದ ಉರುಸಿನಲ್ಲಿ ಅತ್ತರಿನವನು ಪೆಟ್ಟಿಗೆ ತೆರೆದನೆಂದರೆ ಮುಂದೆ ಕುಕ್ಕರಗಾಲಿನಲ್ಲಿ ಕೂತವನು ಇವನೇ. ಕೇಳುವುದೂ ಒಂದೇ: "ಶಮಾಮಾ ಐತೇನು? ಹಳೇ ಪದ್ಧತಿದು?"

ಶಮಾಮಾ ಎಂದರೆ ಮಸಾಲೆ ಅತ್ತರುಗಳ ದೊಡ್ಡಪ್ಪ. ಲವಂಗ, ಏಲಕ್ಕಿ, ಜಾಪತ್ರಿ, ಜಟಾಮಾಂಸಿ, ಅದೇ ಕಲ್ಲುಹೂವು, ಇನ್ನೂ ಹತ್ತಾರು ಬೇರು-ತೊಗಟೆಗಳನ್ನು ಕನೌಜಿನ ಕುಶಲರು ತಾಮ್ರದ ಹಂಡೆಯಲ್ಲಿ ಬೇಯಿಸಿ, ಬಿದಿರಿನ ನಳಿಗೆಯಲ್ಲಿ ಆವಿ ಹಾಯಿಸಿ, ಗಂಧದೆಣ್ಣೆಯೊಳಗೆ ಇಳಿಸುತ್ತಾರೆ. ತಳದಲ್ಲಿ ಗಂಧದೆಣ್ಣೆಯಿದ್ದರೆ ತಾನೆ ಅತ್ತರು? ಮೈಸೂರಿನಲ್ಲಿ ಸರಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಆಮೇಲೆ ಕಳ್ಳರು ಕಡಿದರು, ರೋಗ ಹಬ್ಬಿತು, ಸ್ವಂತ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ಸರಕಾರದ್ದೇ ಎಂಬ ಕಾನೂನಿಗೆ ಹೆದರಿ ರೈತರು ಸಸಿ ಕಂಡರೆ ಕಿತ್ತೆಸೆದರು. 2001ರಲ್ಲಿ ಕಾನೂನು ತಿದ್ದುವ ಹೊತ್ತಿಗೆ ಎಣ್ಣೆಯ ಬೆಲೆ ಮುಗಿಲಿಗೆ ಹೋಗಿತ್ತು, ಅಗ್ಗದ ಅತ್ತರುಗಳ ತಳಕ್ಕೆ ಪ್ಯಾರಾಫಿನ್ ಬಂದು ಕೂತಿತ್ತು.

ಅತ್ತರಿನವನು ಮೊದಲು ಅಗ್ಗದ್ದನ್ನು ಇವನ ಮುಂಗೈಗೆ ತೀಡುತ್ತಾನೆ. ಕಾಕಾ ಕಣ್ಣು ಮುಚ್ಚಿ, ಮೂಸಿ, ತಲೆ ಅಲ್ಲಾಡಿಸುತ್ತಾನೆ. "ಡಾಂಬರದ ಮ್ಯಾಲ ಮಸಾಲಿ ಉದರಿಸೀರಿ." ಎರಡನೆಯದು. "ಇದು ಮೊದಲಿಂದರ ಭಾಂವ." ಮೂರನೆಯದನ್ನು ಅವನು ಪೆಟ್ಟಿಗೆಯ ತಳದಿಂದ, ಅರಿವೆಯ ಗಂಟು ಬಿಚ್ಚಿ ತೆಗೆಯುತ್ತಾನೆ. ಗಾಳಿಯಾಡದ ಸಣ್ಣ ಕುಪ್ಪಿ. ಕಡ್ಡಿಯ ತುದಿಯಿಂದ ಇಷ್ಟೇ ಇಷ್ಟು ಮುಟ್ಟಿಸುತ್ತಾನೆ. ಪಕ್ಕದಲ್ಲಿ ಮಿರ್ಚಿ ಕರಿಯುತ್ತಿದ್ದ ಬಾಣಲಿಯ ವಾಸನೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಕಾಕಾನ ಕಣ್ಣು ತೆರೆಯುವುದೇ ಇಲ್ಲ.

"ಖರೇ ಗಂಧದೆಣ್ಣಿ ಮ್ಯಾಲ ಇಳಿಸಿದ್ದರಿ" ಎಂದು ಹೇಳಿ ಅವನು ತೊಲದ ರೇಟು ಹೇಳುತ್ತಾನೆ. ಕಣ್ಣು ತೆರೆಯುತ್ತದೆ.

"ಇಷ್ಟರಾಗ ಎರಡ ಕುರಿ ಬರ್ತಾವಲ್ಲೋ!"

"ಕುರಿ ಬರ್ತಾವರಿ, ಈ ವಾಸ್ನಿ ಬರೂದಿಲ್ಲ."

ಕಾಕಾ ಮತ್ತೊಮ್ಮೆ ಮುಂಗೈ ಮೂಸುತ್ತಾನೆ. ಈ ಸಲ ಹುಬ್ಬು ಗಂಟಾಗಿರುತ್ತದೆ. "ಬರೋಬ್ಬರಿ ಐತಿ. ಆದರ ಮೊದಲಿನಂಗ ಇಲ್ಲ" ಎಂದು ಎದ್ದು ಧೋತರ ಕೊಡವುತ್ತಾನೆ. ಅತ್ತರಿನವನು ಗಂಟು ಕಟ್ಟಿ ಮತ್ತೆ ತಳಕ್ಕೆ ಇಡುತ್ತಾನೆ. ಮುಂದಿನ ಉರುಸಿಗೂ ಅದು ಅಲ್ಲೇ ಇರುತ್ತದೆ, ಕಾಕಾನೂ ಬರುತ್ತಾನೆ.

ಶಿರಹಟ್ಟಿಯ ಕಾಕಾನ ದುಃಖ ಊದಿನಕಡ್ಡಿಯದು. ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವುದರಿಂದ ಅವನಿಗೆ ಊದಿನ ಹೊಗೆಯ ಪರಿಚಯ ಎರಡೂ ಕಡೆಯಿಂದ ಇದೆ. ಮೊದಲು ಮಸಾಲೆಯನ್ನೇ ಅರೆದು ಕಡ್ಡಿಗೆ ಹೊಸೆಯುತ್ತಿದ್ದರು, ಈಗ ಬರೀ ಇದ್ದಿಲಿನ ಕಡ್ಡಿಯನ್ನು ಸೆಂಟಿನಲ್ಲಿ ಅದ್ದಿ ತೆಗೆಯುತ್ತಾರೆ ಎನ್ನುತ್ತಾನೆ. ಇಂದು ಮಾರುಕಟ್ಟೆಯಲ್ಲಿರುವ ಬಹಳಷ್ಟು ಕಡ್ಡಿಗಳ ಮಟ್ಟಿಗೆ ಮಾತು ಖರೆ. ಅದನ್ನೇ ಆರತಿ ನಡೆಯುವಾಗ ಗಟ್ಟಿಯಾಗಿ ಹೇಳುವುದೊಂದು ತಪ್ಪು.

ಮುಂಡರಗಿಯ ಕಾಕಾನದು ಮ್ಯೂಸಿಯಂ. ಎಂಬತ್ತರ ದಶಕದ ಬಾಟಲಿಯೊಂದನ್ನು, ತಳದಲ್ಲಿ ಎರಡು ಬೆರಳು ಉಳಿಸಿಕೊಂಡು, ತಿಜೋರಿಯಲ್ಲಿ ಇಟ್ಟಿದ್ದಾನೆ. ದೀಪಾವಳಿಯ ಅಭ್ಯಂಜನದ ದಿನ ಮುಚ್ಚಳ ತೆಗೆದು ಮನೆಮಂದಿಗೆಲ್ಲ ದರ್ಶನ ಮಾಡಿಸಿ, "ಇದು ನೋಡ್ರಿ ಅಸಲಿ" ಎಂದು ಮತ್ತೆ ಮುಚ್ಚುತ್ತಾನೆ. ಇಷ್ಟು ವರ್ಷದಲ್ಲಿ ಒಳಗಿನ ಸ್ಪಿರಿಟ್ಟು ಹಾರಿ, ನಿಂಬೆ-ಕಿತ್ತಳೆಯ ಹಗುರ ವಾಸನೆ ಸತ್ತು, ಭಾರದ ಮಸಾಲೆಯೊಂದೇ ಮಂದವಾಗಿ ನಿಂತಿರುತ್ತದೆ. ಹೊಸದಾಗಿದ್ದಾಗ ಆ ಬಾಟಲಿಯೂ ಹಾಗೆ ನಾತ ಬಡಿಯುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಮೂಗಿನ ಚುರುಕೂ ಇಳಿಯುತ್ತದೆ. ಇದನ್ನು ಅವನೆದುರು ಹೇಳುವ ಧೈರ್ಯ ಮುಂಡರಗಿಯಲ್ಲಿ ಯಾರಿಗೂ ಇಲ್ಲ, ತಿಜೋರಿಯ ಕೀಲಿ ಅವನ ಉಡಿದಾರದಲ್ಲಿದೆ.

ಗದಗಿನ ಕಾಕಾ ಮಾತ್ರ ಕೃತಿಗೆ ಇಳಿದ. ಬೈದು ಸಾಕಾಗಿ ಒಂದು ದಿನ ಹೊಸ ಬಾಟಲಿ ತಂದವನೇ ಕಾಕುವಿನ ಮಸಾಲೆ ಡಬ್ಬಿ ಎತ್ತಿಕೊಂಡು ಪಡಸಾಲೆಯಲ್ಲಿ ಕೂತ. ಬಾಟಲಿಯ ಬಾಯಿ ಬಹಳ ಸಣ್ಣದು. ಹಲ್ಲು ಕಡ್ಡಿಯಿಂದ ಕುತ್ತಿ ಕುತ್ತಿ ಒಂದೊಂದೇ ಲವಂಗವನ್ನು ಒಳಗೆ ಇಳಿಸಿದ, ಮೇಲೆ ದಾಲ್ಚಿನ್ನಿಯ ಸಿಬಿರು. ಹದಿನೈದು ದಿನ ಅಟ್ಟದ ಮೇಲೆ ಇಟ್ಟ. ವಿಧಾನದಲ್ಲಿ ದೋಷವಿರಲಿಲ್ಲ. ಲವಂಗದ ಸತ್ವ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಕರಗುತ್ತದೆ, ಬಾಟಲಿಯೊಳಗಿನದು ಚಹಾದ ಬಣ್ಣಕ್ಕೆ ತಿರುಗಿತು.

ಕ್ಷೌರದಂಗಡಿಯಲ್ಲಿ ತುಂಬಿದ ಸಭೆ. ಬ್ಲೇಡು ಆಡಿದ ಮೇಲೆ ಕಾಕಾ ಕಿಸೆಯಿಂದ ಬಾಟಲಿ ತೆಗೆದು ಬೊಗಸೆಗೆ ಸುರಿದುಕೊಂಡು ಎರಡೂ ಕೆನ್ನೆಗೆ ಬಡಿದುಕೊಂಡ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಿವಿಯ ಬುಡದಿಂದ ಗದ್ದದವರೆಗೆ ಬ್ಯಾಡಗಿ ಬಣ್ಣ ಏರಿತು. ಕಣ್ಣಲ್ಲಿ ನೀರು. ನಾಯಿಂದ ಫಟಕರಿ ಹಿಡಿದು ಓಡಿ ಬಂದ. ಇಫ್ರಾದವರು ಕಂಡಿದ್ದರೆ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಕಾಕಾ ಕೈ ಅಡ್ಡ ಮಾಡಿ ಅವನನ್ನು ತಡೆದ. "ಮುಟ್ಟಬ್ಯಾಡ! ಉರಿಯಾಕತ್ತೈತಿ... ಹಾಂ, ಹಾಂ... ಇದ! ಇದ ನೋಡು ಮೊದಲಿಂದು!"

ಸಂಜೆಗೆ ಮೊಸರು ಸವರಿಸಿಕೊಂಡು ಕೂತಿದ್ದ. ಕಾಕು ಪಲಾವಿಗೆಂದು ಮಸಾಲೆ ಡಬ್ಬಿ ತೆರೆದು ತಳ ಕೆರೆಯುತ್ತಿದ್ದಳು.

"ಲವಂಗ ಎಲ್ಲಿ ಹೋದುವ್ರೀ?"